‘ಬಯಲು’ ಪದದ ಅರ್ಥ ಮತ್ತು ಮೂಲ: ‘ಬಯಲಾಯಿತು’ ಎಂದರೆ ಕಾಣಿಸಿತೋ, ಇಲ್ಲವಾಯಿತೋ?

ಪ್ರಶ್ನೆ: ಕನ್ನಡ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ವಚನಗಳ ಪಾಠದಲ್ಲಿ ‘ಬಯಲಾದರು’ ಎಂಬ ಮಾತಿಗೆ ನಾಮರೂಪಗಳೆಲ್ಲ ಕಳೆದು ಶೂನ್ಯದಲ್ಲಿ ಒಂದಾದರು ಎಂದು ಅರ್ಥ ಹೇಳುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು, ‘ಹಾಗಾದರೆ ಪತ್ರಿಕೆಯಲ್ಲಿ ಹಗರಣ ಬಯಲಾಯಿತು ಎಂದು ಬರೆಯುತ್ತಾರಲ್ಲ, ಅಲ್ಲಿ ಹಗರಣ ಇಲ್ಲವಾಯಿತೇ?’ ಎಂದು ಕೇಳಿದಳು. ಪ್ರಶ್ನೆ ಬಹಳ ಸರಿಯಾದದ್ದು. ಅಡಗಿದ್ದದ್ದು ಕಣ್ಣಿಗೆ ಬಿದ್ದಿತು ಎನ್ನುವುದಕ್ಕೂ ಕಣ್ಣೆದುರಿಗಿದ್ದದ್ದು ಕಾಣದಂತಾಯಿತು ಎನ್ನುವುದಕ್ಕೂ ನಾವು ಒಂದೇ ಕ್ರಿಯಾಪದವನ್ನು ಬಳಸುತ್ತಿದ್ದೇವೆ.

ಇವು ರೂಪದಲ್ಲಿ ಒಂದಾಗಿ ಕಾಣುವ ಎರಡು ಬೇರೆ ಪದಗಳೋ ಅಥವಾ ಒಂದೇ ಪದದ ಎರಡು ಕವಲುಗಳೋ ಎಂಬುದು ನನ್ನ ಮೊದಲ ಸಂದೇಹ. ಪದದ ಮೂಲದ ಬಗ್ಗೆಯೂ ಕೇಳಬೇಕಾಗಿದೆ. ನನ್ನ ಸಹೋದ್ಯೋಗಿಯೊಬ್ಬರು ಇದು ಸಂಸ್ಕೃತದ ‘ಬಹಿಸ್’ ಎಂಬುದರ ತದ್ಭವವೆಂದೂ, ‘ಬಹಿರಂಗ’ ಮತ್ತು ‘ಬಯಲು’ ಒಂದೇ ಬೇರಿನವೆಂದೂ ಹೇಳುತ್ತಾರೆ. ಅರ್ಥ ಹೊಂದುತ್ತದೆಯಾದರೂ ನನಗೆ ಒಪ್ಪಿಗೆಯಾಗಿಲ್ಲ. ಇನ್ನೊಂದು ವಿಷಯವೂ ಮನಸ್ಸಿನಲ್ಲಿದೆ: ಆಡಳಿತದಲ್ಲಿ, ವ್ಯವಹಾರದಲ್ಲಿ ಮುಚ್ಚುಮರೆ ಇಲ್ಲದಿರುವಿಕೆಗೆ ನಾವು ‘ಮುಕ್ತತೆ’, ‘ಪಾರದರ್ಶಕತೆ’ ಎನ್ನುತ್ತೇವೆ. ಇಷ್ಟು ಹಳೆಯದಾದ ‘ಬಯಲು’ ಇರುವಾಗ ಅದೇಕೆ ಆ ಕೆಲಸಕ್ಕೆ ಒದಗಲಿಲ್ಲ? ತಿಳಿದವರು ವಿವರಿಸಿದರೆ ಮಕ್ಕಳಿಗೆ ಸರಿಯಾಗಿ ಹೇಳಬಹುದು.

ಉತ್ತರ: ಭಾಷಾಚರಿತ್ರೆಯ ಅಭ್ಯಾಸಿ

ಮೂಲದ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ಇತ್ಯರ್ಥವಾದರೆ ಅರ್ಥದ ತೊಡಕು ಅರ್ಧ ಬಿಡಿಸಿದಂತೆ.

‘ಬಯಲು’ ಅಚ್ಚ ದ್ರಾವಿಡ ಪದ. ಹಳಗನ್ನಡದಲ್ಲಿ ಇದರ ರೂಪ ವ್ಯಂಜನಾಂತವಾದ ‘ಬಯಲ್’. ಕಡಲ್, ಮುಗಿಲ್, ಬಾಗಿಲ್ ಎಂಬವು ನಡುಗನ್ನಡದ ಹೊತ್ತಿಗೆ ಕೊನೆಯಲ್ಲಿ ಉಕಾರವನ್ನು ಪಡೆದು ಕಡಲು, ಮುಗಿಲು, ಬಾಗಿಲು ಆದಂತೆಯೇ ಇದೂ ‘ಬಯಲು’ ಆಯಿತು. ಆಡುಮಾತಿನಲ್ಲಿ ನಡುವಣ ಅಕಾರ ಬಿದ್ದುಹೋಗಿ ‘ಬಯ್ಲು’, ‘ಬೈಲು’ ಎಂದಾಗುತ್ತದೆ. ತಮಿಳು ಮತ್ತು ಮಲಯಾಳಗಳಲ್ಲಿ ಇದರ ಸೋದರರೂಪ ‘ವಯಲ್’. ಅಲ್ಲಿ ಅದರ ಅರ್ಥ ಗದ್ದೆ, ಅದರಲ್ಲಿಯೂ ಭತ್ತದ ಗದ್ದೆ. ತುಳುವಿನಲ್ಲಿ ‘ಬೈಲ್’ ಇದೆ, ತೆಲುಗಿನಲ್ಲಿ ‘ಬಯಲು’ ಇದೆ. ಬರೋ ಮತ್ತು ಎಮಿನೋ ಅವರ ದ್ರಾವಿಡ ವ್ಯುತ್ಪತ್ತಿಕೋಶವು ಇವೆಲ್ಲವನ್ನೂ ಒಂದೇ ಮೂಲದ ಅಡಿಯಲ್ಲಿ ಇಡುತ್ತದೆ.

ವಕಾರಕ್ಕೆ ಬಕಾರ ಬಂದಿರುವುದನ್ನು ಕಂಡು ಸಂಶಯಪಡಬೇಕಾಗಿಲ್ಲ. ಪದದ ಆದಿಯ ವಕಾರ ಬಕಾರವಾಗುವುದು ಕನ್ನಡದ ನಿಯತವಾದ ಬದಲಾವಣೆ: ತಮಿಳಿನ ವಾಯ್ ನಮ್ಮಲ್ಲಿ ಬಾಯ್, ವೇರ್ ಬೇರ್, ವಿಲ್ ಬಿಲ್, ವಿರಲ್ ಬೆರಲ್, ವೆಳ್ಳಿ ಬೆಳ್ಳಿ. ಈ ಬದಲಾವಣೆ ಎಷ್ಟು ಹಳೆಯದೆಂದರೆ, ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನದಲ್ಲಿಯೇ ‘ಬಾಳ್ಗಳ್ಚು’ ಎಂಬ ಮಾತು ಬರುತ್ತದೆ. ಕತ್ತಿಯನ್ನು ತೊಳೆದು ಕೊಟ್ಟ ದತ್ತಿ ಎಂಬ ಅರ್ಥದ ಆ ಮಾತಿನಲ್ಲಿರುವ ‘ಬಾಳ್’ ತಮಿಳಿನ ‘ವಾಳ್’. ಆದ್ದರಿಂದ ವಯಲ್, ಬಯಲ್ ಎಂಬವು ಒಂದೇ ಪದದ ಎರಡು ಉಚ್ಚಾರಗಳೆಂದು ಧೈರ್ಯವಾಗಿ ಹೇಳಬಹುದು.

ಇದರಿಂದ ‘ಬಹಿಸ್’ ವಾದವೂ ಬಿದ್ದುಹೋಗುತ್ತದೆ. ‘ಬಹಿಸ್’ ಎಂಬುದರ ಮೊದಲಕ್ಷರ ಬಕಾರ. ಅದರಿಂದ ತಮಿಳಿನಲ್ಲಿ ವಕಾರದ ‘ವಯಲ್’ ಹುಟ್ಟುವುದಕ್ಕೆ ಯಾವ ದಾರಿಯೂ ಇಲ್ಲ. ಕೊನೆಯ ಲಕಾರ ಎಲ್ಲಿಂದ ಬಂದಿತೆಂದೂ ಅದು ಹೇಳಲಾರದು. ಅದಕ್ಕಿಂತ ಮುಖ್ಯವಾಗಿ, ‘ಹೊರಗೆ’ ಎಂಬ ಅರ್ಥದ ಅವ್ಯಯದಿಂದ ‘ಭತ್ತದ ಗದ್ದೆ’ ಎಂಬ ನಾಮಪದ ಬರುವುದು ಅಸಹಜ. ಗದ್ದೆ, ತೆರೆದ ನೆಲ, ಹೊರಗಿನ ಜಾಗ, ಎಲ್ಲರ ಕಣ್ಣಿಗೆ ಬೀಳುವ ಸ್ಥಿತಿ ಎಂಬ ಕ್ರಮದಲ್ಲಿ ಅರ್ಥ ಹರಡುವುದು ಸಹಜ. ಅರ್ಥಸಾಮ್ಯವೊಂದನ್ನೇ ನೆಚ್ಚಿ ಕನ್ನಡದ ಪದಗಳನ್ನು ಸಂಸ್ಕೃತಕ್ಕೆ ಜೋಡಿಸುವ ಅಭ್ಯಾಸ ನಮ್ಮ ತರಗತಿಗಳಲ್ಲಿ ಇಂದಿಗೂ ಇದೆ. ಮಕ್ಕಳಿಗೆ ಧ್ವನಿನಿಯಮಗಳನ್ನು ಚಿಕ್ಕದಾಗಿಯಾದರೂ ಪರಿಚಯಿಸಿದರೆ ಇಂತಹ ಊಹೆಗಳನ್ನು ಅವರೇ ಪರೀಕ್ಷಿಸಿ ನೋಡಬಲ್ಲರು. ಈ ಬಗ್ಗೆ ನನಗೆ ಬಹಳ ಕಾಳಜಿಯಿದೆ.

ಇನ್ನು ಅರ್ಥ. ಕಿಟ್ಟೆಲ್ಲರ 1894ರ ನಿಘಂಟು ತೆರೆದ ನೆಲ, ಪ್ರಕಟವಾದ ಸ್ಥಿತಿ, ವ್ಯರ್ಥತೆ ಎಂಬ ಅರ್ಥಗಳನ್ನು ಒಂದೇ ಪದದ ಕೆಳಗೆ ಕೊಡುತ್ತದೆ. ಅದು ಸರಿಯಾದ ತೀರ್ಮಾನವೆಂದೇ ನನ್ನ ಅಭಿಪ್ರಾಯ. ಬಯಲು ಎಂದರೆ ಮುಸುಕು, ಗೋಡೆ, ಮರೆ ಯಾವುದೂ ಇಲ್ಲದ ಸ್ಥಳ. ಗುಟ್ಟಾಗಿ ಇಟ್ಟಿದ್ದ ವಸ್ತು ಅಂತಹ ಸ್ಥಳಕ್ಕೆ ಬಂದರೆ ಅದು ಎಲ್ಲರಿಗೂ ಕಾಣುತ್ತದೆ. ‘ಬಯಲಿಗೆ ಬಂದಿತು’, ‘ಬಯಲಿಗೆಳೆದರು’ ಎಂಬವು ಇದನ್ನು ಹೇಳುತ್ತವೆ. ಆದರೆ ಆ ವಸ್ತು ತಾನೇ ಅಂತಹ ಸ್ಥಳವಾಗಿಬಿಟ್ಟರೆ ಅದಕ್ಕೆ ಆಕಾರ ಉಳಿಯುವುದಿಲ್ಲ, ಏಕೆಂದರೆ ಆಕಾರಕ್ಕೆ ಎಲ್ಲೆ ಬೇಕು, ಎಲ್ಲೆಯೇ ಇಲ್ಲದ್ದು ಬಯಲು. ಶರಣರು ಹೇಳುವ ‘ಬಯಲಾಗುವುದು’ ಇದು. ಪತ್ರಿಕೆಯ ‘ಬಯಲಾಯಿತು’ ವಸ್ತುವಿನ ಮೇಲಿನ ಮರೆ ಹೋದದ್ದನ್ನು ಹೇಳಿದರೆ, ವಚನದ ‘ಬಯಲಾಯಿತ್ತು’ ವಸ್ತುವಿನ ಎಲ್ಲೆಯೇ ಹೋದದ್ದನ್ನು ಹೇಳುತ್ತದೆ. ಎರಡರಲ್ಲಿಯೂ ನಡೆಯುವ ಕ್ರಿಯೆ ಆವರಣ ಕಳಚುವುದೇ.

ತಮಿಳಿನವರು ಇದೇ ಅರ್ಥಗಳಿಗೆ ‘ವಯಲ್’ ಬಳಸದೆ ‘ವೆಳಿ’ ಎಂಬ ಬೇರೆ ಪದವನ್ನು ಬಳಸುತ್ತಾರೆ. ಅಲ್ಲಿಯೂ ಅದೇ ಅರ್ಥಸರಣಿ ಕಾಣುತ್ತದೆ: ‘ವೆಳಿ’ ಎಂದರೆ ಹೊರಗು, ತೆರೆದ ಜಾಗ, ‘ವೆಳಿಪ್ಪಡು’ ಎಂದರೆ ಪ್ರಕಟವಾಗು, ‘ವಿಣ್ವೆಳಿ’ ಎಂದರೆ ಬಾಹ್ಯಾಕಾಶ, ತಮಿಳಿನ ಅನುಭಾವಿಗಳಾದ ಸಿದ್ಧರ ಪದ್ಯಗಳಲ್ಲಿ ‘ವೆಳಿ’ ಎಂದರೆ ಪರಮಶೂನ್ಯ. ಬೇರೊಂದು ಪದ ಬೇರೊಂದು ಭಾಷೆಯಲ್ಲಿ ಇದೇ ಹಾದಿಯನ್ನು ಹಿಡಿದಿದೆ ಎಂದಮೇಲೆ ಪ್ರಕಟತೆ ಮತ್ತು ಶೂನ್ಯ ಎರಡೂ ಒಂದೇ ಮೂಲಾರ್ಥದಿಂದ ಚಿಗುರಿದವೆಂದು ಹೇಳುವುದಕ್ಕೆ ಇನ್ನಷ್ಟು ಬಲ ಬರುತ್ತದೆ.

ಉತ್ತರ: ಕರಾವಳಿಯ ಓದುಗ

ಮೇಲಿನ ಉತ್ತರ ಬಹಳ ಉಪಯುಕ್ತವಾಗಿದೆ. ಆದರೆ ‘ಗದ್ದೆ’ ಎಂಬ ಅರ್ಥ ತಮಿಳು ಮಲಯಾಳಗಳಲ್ಲಿ ಮಾತ್ರ ಉಳಿದಿದೆ ಎಂಬ ಭಾವನೆ ಓದುಗರಿಗೆ ಬಾರದಿರಲಿ ಎಂದು ಕೆಲವು ಮಾತು ಸೇರಿಸುತ್ತೇನೆ. ನಮ್ಮ ಕಡೆ, ಅಂದರೆ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ, ಅದು ಇಂದಿಗೂ ಜೀವಂತವಾಗಿದೆ.

ಇಲ್ಲಿ ಭತ್ತ ಬೆಳೆಯುವ ಭೂಮಿಯನ್ನು ಎತ್ತರಕ್ಕೆ ಮತ್ತು ನೀರಿನ ಒದಗಣೆಗೆ ತಕ್ಕಂತೆ ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸುತ್ತಾರೆ. ಎಲ್ಲಕ್ಕಿಂತ ತಗ್ಗಿನಲ್ಲಿ, ತೋಡಿನ, ಅಂದರೆ ಸಣ್ಣ ಹಳ್ಳದ, ಬದಿಯಲ್ಲಿ, ಮಳೆ ನಿಂತ ಮೇಲೆಯೂ ತೇವ ಆರದೆ ಇರುವ ಗದ್ದೆ ಬೈಲು. ಅದರ ಮೇಲಣ ಮಟ್ಟದ್ದು ಮಜಲು. ಮಳೆಯ ನೀರನ್ನೇ ನಂಬಿಕೊಂಡು ಒಂದು ಬೆಳೆ ತೆಗೆಯುವ ಮೇಲ್ಮಟ್ಟದ್ದು ಬೆಟ್ಟು. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳನ್ನೂ ಕೊಡಬಲ್ಲದ್ದು ಬೈಲು ಗದ್ದೆಯೊಂದೇ. ಹಳೆಯ ಭೂದಾಖಲೆಗಳಲ್ಲಿಯೂ ಭೂಮಿಯ ತರಗತಿ ಹೇಳುವಾಗ ಈ ಪದಗಳನ್ನೇ ಬಳಸಿದ್ದಾರೆ. ಕಾರ್ಕಳದ ಬಳಿಯ ಬೈಲೂರಿನಂತಹ ಊರಹೆಸರುಗಳನ್ನೂ, ಗದ್ದೆಯ ಅಂಚಿನ ಮನೆಗಳಿಗೆ ಬರುವ ‘ಬೈಲಕರೆ’ಯಂತಹ ಹೆಸರುಗಳನ್ನೂ ಈ ಅರ್ಥದಲ್ಲಿಯೇ ತಿಳಿಯಬೇಕು.

ಈಗ ಒಂದು ವಿಚಿತ್ರವನ್ನು ಗಮನಿಸಿ. ಘಟ್ಟದ ಮೇಲಿನವರಿಗೆ ‘ಬಯಲುಸೀಮೆ’ ಎಂದರೆ ಮಳೆ ಕಡಿಮೆಯಾದ, ಮರಗಳು ವಿರಳವಾದ, ಕಣ್ಣು ಹಾಯುವಷ್ಟು ದೂರ ಸಮತಟ್ಟಾದ ಒಣನಾಡು. ನಮಗೆ ‘ಬೈಲು’ ಎಂದರೆ ಎರಡು ಗುಡ್ಡಗಳ ನಡುವಿನ, ಸದಾ ಒದ್ದೆಯಾಗಿರುವ, ಕಿರಿದಾದ ಹಸಿರು ಪಟ್ಟಿ. ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧ. ಆದರೆ ಕಾಡು ತುಂಬಿದ ಗುಡ್ಡಗಳ ನಡುವೆ ಬದುಕುವವನ ಕಣ್ಣಿನಿಂದ ನೋಡಿದರೆ, ಮರದ ನೆರಳಿನಿಂದ ಹೊರಬಂದು ಆಕಾಶ ಕಾಣುವ ಜಾಗವೆಂದರೆ ಆ ಗದ್ದೆಯ ಪಟ್ಟಿ ಮಾತ್ರ. ಮಲೆನಾಡಿನಲ್ಲಿ ಮತ್ತು ಕರಾವಳಿಯಲ್ಲಿ ತೆರೆದ ನೆಲವೆಂದರೆ ಗದ್ದೆಯೇ. ಚಿತ್ರದುರ್ಗ, ಬಳ್ಳಾರಿಗಳಲ್ಲಿ ಇಡೀ ಸೀಮೆಯೇ ತೆರೆದ ನೆಲ. ಆದ್ದರಿಂದ ‘ಗದ್ದೆ’ ಮೊದಲಿನ ಅರ್ಥ, ‘ತೆರೆದ ಜಾಗ’ ಆಮೇಲಿನದು ಎಂದು ಖಚಿತವಾಗಿ ಸಾಲುಗೊಳಿಸುವುದಕ್ಕೆ ನಾನು ಹಿಂಜರಿಯುತ್ತೇನೆ. ‘ಮರಗಳಿಲ್ಲದ ನೆಲ’ ಎಂಬುದನ್ನೇ ಮೂಲಾರ್ಥವೆಂದು ಹಿಡಿದರೆ ಎರಡೂ ಅದರೊಳಗೆ ಸೇರುತ್ತವೆ.

ವಯನಾಡಿನ ಹೆಸರು ಇದಕ್ಕೆ ಒಳ್ಳೆಯ ಸಾಕ್ಷಿ. ಇಂದು ಕೇರಳದಲ್ಲಿರುವ ಆ ಸೀಮೆಯನ್ನು ಹೊಯ್ಸಳರ ಕಾಲದ ಕನ್ನಡ ಶಾಸನಗಳು ‘ಬಯಲ್ನಾಡು’ ಎಂದು ಕರೆಯುತ್ತವೆ. ಅಲ್ಲಿ ಆಳಿದ ಕದಂಬರ ಶಾಖೆಯನ್ನು ಇತಿಹಾಸಕಾರರು ಬಯಲ್ನಾಡ ಕದಂಬರೆಂದೇ ಗುರುತಿಸುತ್ತಾರೆ. ಆ ನಾಡಿನ ಹೆಸರಿಗೆ ಬೇರೆ ವಿವರಣೆಗಳನ್ನು ಕೊಡುವವರೂ ಇದ್ದಾರೆ. ಆದರೆ ಶಾಸನದ ‘ಬಯಲ್’ ಮತ್ತು ಮಲಯಾಳದ ‘ವಯಲ್’ ಇಷ್ಟು ನೇರವಾಗಿ ಹೊಂದುವಾಗ ನನಗೆ ಇದೇ ಸರಿಯೆನಿಸುತ್ತದೆ. ವಯನಾಡು ಬೆಟ್ಟಗಳ ನಾಡು. ಅದನ್ನು ಬಯಲಿನ ನಾಡೆಂದು ಕರೆದದ್ದು ಆ ಬೆಟ್ಟಗಳ ನಡುವೆ ಹರಡಿಕೊಂಡಿರುವ ತಗ್ಗಿನ ಗದ್ದೆಗಳಿಂದಾಗಿ ಎಂದು ತಿಳಿದರೆ ಹೆಸರಿನಲ್ಲಿ ವಿರೋಧವೇನೂ ಉಳಿಯುವುದಿಲ್ಲ.

‘ಬಯಲಾಟ’ದ ಬಗ್ಗೆಯೂ ಇದೇ ಮಾತು. ಅದನ್ನು ‘ತೆರೆದ ರಂಗದ ಆಟ’ ಎಂದು ವಿವರಿಸುತ್ತಾರೆ, ಸರಿಯೇ. ಉತ್ತರ ಕರ್ನಾಟಕದ ದೊಡ್ಡಾಟ ಊರ ಮುಂದಿನ ಬಯಲಿನಲ್ಲಿ ಅಟ್ಟ ಕಟ್ಟಿ ಆಡುವಂಥದ್ದು. ಆದರೆ ನಮ್ಮಲ್ಲಿ ಯಕ್ಷಗಾನದ ಹರಕೆಯ ಆಟಗಳಿಗೆ ಹಿಂದಿನಿಂದಲೂ ರಂಗಸ್ಥಳ ಹಾಕುತ್ತಿದ್ದದ್ದು ಕೊಯ್ಲಾದ ಗದ್ದೆಯಲ್ಲಿ. ಮಳೆಗಾಲ ಕಳೆದು ಪೈರು ಮನೆಗೆ ಬಂದ ಮೇಲೆ ಮೇಳಗಳು ತಿರುಗಾಟಕ್ಕೆ ಹೊರಟು, ಮೇ ತಿಂಗಳ ಕೊನೆಯ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುವ ಕ್ರಮವೂ ಬೇಸಾಯದ ಕಾಲಕ್ಕೆ ಹೊಂದಿಕೊಂಡದ್ದೇ. ಟಿಕೆಟು ಇಟ್ಟು ಆಡುವ ಡೇರೆ ಮೇಳಗಳು ಬಂದ ಮೇಲೆ, ಸುತ್ತ ಪರದೆಯಿಲ್ಲದ, ಯಾರು ಬೇಕಾದರೂ ಬಂದು ಕುಳಿತು ನೋಡಬಹುದಾದ ಆಟ ಎಂಬ ಅರ್ಥ ‘ಬಯಲಾಟ’ಕ್ಕೆ ಇನ್ನಷ್ಟು ಗಟ್ಟಿಯಾಯಿತು. ‘ಬಯಲು’ ಎಂಬುದಕ್ಕೆ ‘ಎಲ್ಲರಿಗೂ ಪ್ರವೇಶವಿರುವುದು’ ಎಂಬ ಛಾಯೆ ಇಲ್ಲಿದೆ. ಶಿಕ್ಷಕಿಯವರು ಕೇಳಿದ ಮುಕ್ತತೆಗೆ ಇದು ಬಹಳ ಸಮೀಪದ್ದು.

ಉತ್ತರ: ವಚನಾಭ್ಯಾಸಿ

ಗದ್ದೆಯ ಅರ್ಥವನ್ನು ನೆನಪಿಸಿದ್ದಕ್ಕೆ ಕರಾವಳಿಯ ಓದುಗರಿಗೆ ಕೃತಜ್ಞನಾಗಿದ್ದೇನೆ. ವಚನಗಳ ‘ಬಯಲು’ ಎಂಬುದಕ್ಕೆ ವ್ಯಾಖ್ಯಾನ ಬರೆಯುವವರು ಕೂಡಲೇ ‘ಶೂನ್ಯ’, ‘ಆಕಾಶ’, ‘ಪರಬ್ರಹ್ಮ’ ಎಂಬ ಸಂಸ್ಕೃತ ಪದಗಳನ್ನು ಅದರ ಮೇಲೆ ಹೊದಿಸಿಬಿಡುತ್ತಾರೆ. ಹಾಗೆ ಮಾಡಿದಾಗ ಪದದೊಳಗಿನ ಮಣ್ಣಿನ ವಾಸನೆ ಹೋಗುತ್ತದೆ, ಜೊತೆಗೆ ವಚನದ ತಿರುಳಿನ ಒಂದು ಭಾಗವೂ ಹೋಗುತ್ತದೆ.

12ನೆಯ ಶತಮಾನದ ಅಲ್ಲಮಪ್ರಭುವಿನ ಪ್ರಸಿದ್ಧ ವಚನವನ್ನು ನೋಡಿ. ಅದು ‘ಬಯಲು ಬಯಲನೆ ಬಿತ್ತಿ’ ಎಂದು ಆರಂಭವಾಗುತ್ತದೆ. ಮುಂದೆ ಬಯಲು ಬಯಲನ್ನೇ ಬೆಳೆಯುತ್ತದೆ, ಕೊನೆಗೆ ಬಯಲು ಬಯಲಾಗಿಯೇ ಬಯಲಾಗುತ್ತದೆ. ಬಿತ್ತು, ಬೆಳೆ ಎಂಬವು ಬೇಸಾಯದ ಕ್ರಿಯಾಪದಗಳು. ಬಯಲನ್ನು ಬರಿಯ ಶೂನ್ಯವೆಂದು ಓದಿದರೆ ಶೂನ್ಯವನ್ನು ಬಿತ್ತುವುದೇಕೆ ಎಂದು ತಡವರಿಸಬೇಕಾಗುತ್ತದೆ. ಬಯಲು ಎಂದರೆ ಬಿತ್ತುವ ನೆಲ ಎಂಬ ಅರಿವು ಕೇಳುವವನ ಕಿವಿಯಲ್ಲಿದ್ದರೆ ಮಾತ್ರ, ಬಿತ್ತುವವನು, ಬಿತ್ತಿದ ಬೀಜ, ಬಿತ್ತಿದ ಹೊಲ, ಬಂದ ಬೆಳೆ ಎಲ್ಲವೂ ಒಂದೇ ಬಯಲಾಗುವ ಆಶ್ಚರ್ಯ ಹುಟ್ಟುತ್ತದೆ. ಹೊಲವೆಂಬ ಅರ್ಥದಿಂದ ಹೊರಟು, ತೆರವೆಂಬ ಅರ್ಥವನ್ನು ಹಾದು, ಇಲ್ಲವಾಗುವುದೆಂಬ ಅರ್ಥವನ್ನು ಮುಟ್ಟುವ ಹಾದಿಯನ್ನು ಅಲ್ಲಮನು ಒಂದೇ ಪದವನ್ನು ತಿರುಗಿಸಿ ತಿರುಗಿಸಿ ನಡೆದು ತೋರಿಸಿದ್ದಾನೆ. ಅದೇ ವಚನದಲ್ಲಿ ನಿಮ್ಮನ್ನು ಪೂಜಿಸಿದವರು ಮೊದಲೇ ಬಯಲಾದರು, ನಾನು ನಿಮ್ಮನ್ನು ನಂಬಿ ಬಯಲಾದೆ ಎಂದು ಗುಹೇಶ್ವರನಿಗೆ ಹೇಳುವಾಗ ಆ ‘ಬಯಲಾದೆ’ ಎಂಬುದರಲ್ಲಿ ಎಲ್ಲೆ ಕಳಚಿದ ನಿರಾಳವೂ ಇದೆ, ಏನೂ ಉಳಿಯದ ಬೆರಗೂ ಇದೆ.

ಶರಣರು ಈ ಪದವನ್ನು ಎಷ್ಟು ಹುರಿಗೊಳಿಸಿದರೆಂದರೆ ಅದರಿಂದ ಪರಿಭಾಷೆಯ ಒಂದು ಕುಟುಂಬವೇ ಬೆಳೆಯಿತು: ಮಹಾಬಯಲು, ನಿರ್ಬಯಲು, ಚಿದ್ಬಯಲು, ಬಚ್ಚಬರಿಯ ಬಯಲು. ಲಿಂಗಾಯತ ಪರಂಪರೆಯಲ್ಲಿ ಹಿರಿಯರು ತೀರಿಕೊಂಡಾಗ ‘ಲಿಂಗೈಕ್ಯರಾದರು’ ಎನ್ನುವಂತೆ ‘ಬಯಲಲ್ಲಿ ಬಯಲಾದರು’ ಎಂದೂ ಇಂದಿಗೂ ಹೇಳುತ್ತಾರೆ, ಬರೆಯುತ್ತಾರೆ. ಹರಿದಾಸರಲ್ಲಿಯೂ ಈ ಪದಕ್ಕೆ ಗೌರವದ ಸ್ಥಾನವಿದೆ. ಬಯಲು ಆಲಯದೊಳಗಿದೆಯೋ, ಆಲಯವೇ ಬಯಲೊಳಗಿದೆಯೋ ಎಂದು ಕನಕದಾಸರು ಕೇಳುವಾಗ ಪದದ ವಿರೋಧಿಯನ್ನು ಅವರೇ ಹೆಸರಿಸಿದಂತಾಯಿತು. ಬಯಲಿಗೆ ಎದುರಾದದ್ದು ಆಲಯ, ಅಂದರೆ ಗೋಡೆಯಿರುವ ಮನೆ. ಭಾಷಾಚರಿತ್ರೆಯ ಅಭ್ಯಾಸಿಗಳು ‘ಎಲ್ಲೆಯಿಲ್ಲದ್ದು’ ಎಂದು ಹೇಳಿದ ಮೂಲಾರ್ಥಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ನನಗೆ ತೋರದು.

ಪದದ ಇನ್ನೊಂದು ಮುಖವನ್ನೂ ಮರೆಯಬಾರದು. ‘ಬಯಲಾಸೆ’ ಎಂದರೆ ಈಡೇರದ ಆಸೆ. ‘ಬಯಲಾಡಂಬರ’ ಎಂದರೆ ಹುರುಳಿಲ್ಲದ ಆಡಂಬರ. ಇಲ್ಲಿ ಬಯಲು ಎಂದರೆ ಟೊಳ್ಳು, ವ್ಯರ್ಥ. ಹಾಗಾಗಿ ಮುಕ್ತಿಯ ಹೆಸರೂ ವ್ಯರ್ಥತೆಯ ಹೆಸರೂ ಒಂದೇ ಆಗಿದೆ. ಮಕ್ಕಳಿಗೆ ಹೇಳುವಾಗ ಈ ಮೂರನೆಯ ಕವಲನ್ನೂ ಸೇರಿಸಿದರೆ ಚಿತ್ರ ಪೂರ್ಣವಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಬಿತ್ತುವ ಬೆಳೆಯುವ ಕ್ರಿಯಾಪದಗಳ ಕಡೆಗೆ ಗಮನ ಸೆಳೆದದ್ದು ನನಗೆ ಬಹಳ ಸಂತೋಷ ಕೊಟ್ಟಿತು. ಆ ವಚನವನ್ನು ಇನ್ನು ಮುಂದೆ ಹಾಗೆಯೇ ಪಾಠ ಮಾಡುತ್ತೇನೆ. ಎರಡು ಸಣ್ಣ ವಿಷಯಗಳು ಉಳಿದಿವೆ. ‘ಬಟ್ಟಬಯಲು’ ಎಂಬಲ್ಲಿ ‘ಬಟ್ಟ’ ಎಂದರೇನು? ದುಂಡನೆಯದು ಎಂಬ ಅರ್ಥದ ‘ಬಟ್ಟ’ವೇ, ಅಥವಾ ದಾರಿ ಎಂಬ ಅರ್ಥದ ‘ಬಟ್ಟೆ’ಯೇ? ಮುಕ್ತತೆಯ ಅರ್ಥದಲ್ಲಿ ‘ಬಯಲು’ ಏಕೆ ನಿಲ್ಲಲಿಲ್ಲ ಎಂಬುದಕ್ಕೂ ಯಾರಾದರೂ ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ: ಅನುವಾದಕ

‘ಬಟ್ಟ’ ಎಂಬುದು ಇಲ್ಲಿ ಸ್ವತಂತ್ರ ಪದವಲ್ಲ. ನೀವು ತರಗತಿಯಲ್ಲಿ ಹೇಳಿಕೊಡುವ ದ್ವಿರುಕ್ತಿಯ ಪಾಠದಲ್ಲಿಯೇ ಇದರ ಉತ್ತರವಿದೆ: ಕಡೆ ಕಡೆ ಎಂಬುದು ಕಟ್ಟಕಡೆ, ನಡು ನಡು ಎಂಬುದು ನಟ್ಟನಡು, ತುದಿ ತುದಿ ಎಂಬುದು ತುತ್ತತುದಿ, ಮೊದಲು ಮೊದಲು ಎಂಬುದು ಮೊಟ್ಟಮೊದಲು ಆಗುವಂತೆ ಬಯಲು ಬಯಲು ಎಂಬುದು ಬಟ್ಟಬಯಲು ಆಗುತ್ತದೆ. ಮೊದಲನೆಯ ಪದ ಕುಗ್ಗಿ, ಒತ್ತಕ್ಷರ ಪಡೆದು, ಎರಡನೆಯದಕ್ಕೆ ಅತಿಶಯವನ್ನು ಕೊಡುತ್ತದೆ. ದುಂಡಗಿನ ಬಟ್ಟಕ್ಕೂ ದಾರಿಯ ಬಟ್ಟೆಗೂ ಇದರೊಡನೆ ಸಂಬಂಧವಿಲ್ಲ.

ಇನ್ನು ಎರಡನೆಯ ಪ್ರಶ್ನೆ. ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಆಡಳಿತದ ಬರಹಗಳನ್ನು ಅನುವಾದಿಸುವ ಕೆಲಸ ಮಾಡುತ್ತೇನೆ. ಈ ಪದಗಳ ನಡುವೆ ನಿತ್ಯ ಆರಿಸಬೇಕಾಗುತ್ತದೆ. ಸ್ಥಳದ ಮಾತು ಬಂದಾಗ ‘ಬಯಲು’ ಇಂದಿಗೂ ಗಟ್ಟಿಯಾಗಿ ನಿಂತಿದೆ. ಬಯಲು ರಂಗಮಂದಿರ ಎಂಬುದನ್ನು ಯಾರೂ ‘ಮುಕ್ತ ರಂಗಮಂದಿರ’ ಎನ್ನುವುದಿಲ್ಲ. ಆದರೆ ಪ್ರವೇಶ, ನಿಯಮ, ಮನೋಭಾವಗಳ ಮಾತು ಬಂದಾಗ ‘ಮುಕ್ತ’ ಬಂದುಬಿಡುತ್ತದೆ. 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದದ್ದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ. ಅದನ್ನು ‘ಬಯಲು ವಿಶ್ವವಿದ್ಯಾನಿಲಯ’ ಎಂದಿದ್ದರೆ ಮರದಡಿಯ ಶಾಲೆ ಕಣ್ಣಿಗೆ ಬರುತ್ತಿತ್ತು.

‘ಮುಕ್ತ’ ಎಂಬುದರ ಮೂಲಾರ್ಥ ಬಿಡುಗಡೆ ಹೊಂದಿದ್ದು. ಆದ್ದರಿಂದ ಅದಕ್ಕೆ ‘ಇಲ್ಲದ’ ಎಂಬ ಅರ್ಥವೂ ಅಂಟಿಕೊಂಡಿದೆ: ಋಣಮುಕ್ತ, ರೋಗಮುಕ್ತ. ಗ್ರಾಮ ಪಂಚಾಯಿತಿಗಳ ಗೋಡೆಯ ಮೇಲೆ ನಾವೆಲ್ಲ ಓದಿರುವ ‘ಬಯಲು ಶೌಚ ಮುಕ್ತ’ ಎಂಬ ಮಾತನ್ನು ನೋಡಿ. ತೆರೆದಿರುವುದನ್ನು ಹೇಳಬಲ್ಲ ಎರಡು ಪದಗಳು ಒಂದೇ ಸಮಾಸದಲ್ಲಿವೆ. ಮೊದಲನೆಯದು ಸ್ಥಳವನ್ನು ಹೇಳುತ್ತದೆ, ಎರಡನೆಯದು ಆ ಪದ್ಧತಿಯಿಂದ ಬಿಡುಗಡೆಯನ್ನು ಹೇಳುತ್ತದೆ. ಹಳ್ಳಿಗಳಲ್ಲಿ ‘ಬಯಲಿಗೆ ಹೋಗುವುದು’ ಎಂದರೆ ಬಹಿರ್ದೆಸೆಗೆ ಹೋಗುವುದು ಎಂದೇ ಅರ್ಥ. ಔಪಚಾರಿಕ ಬರಹದಲ್ಲಿ ‘ಬಯಲು’ ಎಂಬುದನ್ನು ಹೊಸ ಅರ್ಥಕ್ಕೆ ಎತ್ತಿಕೊಳ್ಳಲು ಬರೆಯುವವರು ಹಿಂಜರಿಯುವುದಕ್ಕೆ ಈ ಬಳಕೆಯೂ ಒಂದು ಕಾರಣವೆಂದು ನನ್ನ ಅನುಭವ.

ಅದಕ್ಕಿಂತ ದೊಡ್ಡ ಕಾರಣ, ‘ಬಯಲು ಮಾಡು’, ‘ಬಯಲಿಗೆಳೆ’ ಎಂಬವುಗಳಿಗೆ ಅಂಟಿರುವ ಆರೋಪದ ಧ್ವನಿ. ಬಯಲಾಗುವುದು ಹಗರಣ, ಗುಟ್ಟು, ವಂಚನೆ. ಒಳ್ಳೆಯ ಕೆಲಸ ಬಯಲಾಯಿತು ಎಂದು ಯಾರೂ ಬರೆಯುವುದಿಲ್ಲ, ಅದು ‘ಬೆಳಕಿಗೆ ಬಂದಿತು’ ಎನ್ನುತ್ತಾರೆ. ಇನ್ನೊಬ್ಬರು ಒತ್ತಾಯದಿಂದ ಮರೆಯನ್ನು ಕಿತ್ತಾಗ ಆಗುವಂಥದ್ದು ಬಯಲಾಗುವಿಕೆ. ತಾನಾಗಿಯೇ ಮರೆ ಇಡದಿರುವುದು ಮುಕ್ತತೆ. ಕರ್ನಾಟಕದಲ್ಲಿ ಸಾರ್ವಜನಿಕ ಸಂಗ್ರಹಣೆಗಳ ಬಗ್ಗೆ ಇರುವ 1999ರ ಕಾಯ್ದೆಯ ಹೆಸರಿನಲ್ಲಿಯೇ ‘ಪಾರದರ್ಶಕತೆ’ ಇದೆ. ಅಲ್ಲಿ ‘ಬಯಲು’ ಎಂಬ ಪದವಿದ್ದಿದ್ದರೆ ಅಧಿಕಾರಿಗಳ ತಪ್ಪನ್ನು ಹೊರಗೆಳೆಯುವ ಕಾಯ್ದೆಯೆಂದು ಓದುಗರು ತಿಳಿಯುತ್ತಿದ್ದರು. ಮನಸ್ಸಿನ ವಿಷಯಕ್ಕೆ ಬಂದರೆ ‘ತೆರೆದ ಮನಸ್ಸು’, ‘ಬಿಚ್ಚುಮನಸ್ಸು’ ಎಂಬ ಸೊಗಸಾದ ಮಾತುಗಳು ನಮ್ಮಲ್ಲಿವೆ. ‘ತೆರವು’ ಎಂಬ ಹಳೆಯ ಪದವೂ ಇದೆ. ಆದರೆ ಇತ್ತೀಚೆಗೆ ಅದು ಒತ್ತುವರಿ ತೆರವು, ತೆರವಾದ ಸ್ಥಾನ ಎಂಬಲ್ಲಿಗೆ ಸೀಮಿತವಾಗಿರುವುದು ನನಗೆ ಬೇಸರದ ವಿಷಯ. ಎಡೆ, ಅವಕಾಶ ಎಂಬ ಅರ್ಥಗಳಲ್ಲಿ ಅದನ್ನು ಮತ್ತೆ ಬಳಕೆಗೆ ತರಬೇಕೆಂದು ನನ್ನ ಆಸೆ.

ಉತ್ತರ: ಭಾಷಾಚರಿತ್ರೆಯ ಅಭ್ಯಾಸಿ

ಅನುವಾದಕರು ‘ತೆರೆದ’, ‘ತೆರವು’ ಎಂದದ್ದರಿಂದ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ‘ತೆರೆ’ ಎಂದರೆ ಬಿಚ್ಚು ಎಂದೂ ಅರ್ಥ, ಪರದೆ ಎಂದೂ ಅರ್ಥ. ಮರೆಯೂ ಮರೆ ತೆಗೆಯುವುದೂ ಒಂದೇ ಪದವೆಂದು ಕೆಲವರು ಸ್ವಾರಸ್ಯ ಕಟ್ಟುವುದುಂಟು. ‘ಬಯಲು’ ಪದದಲ್ಲಿ ಇರುವಂತಹ ಆಂತರಿಕ ಸಂಬಂಧ ಇಲ್ಲಿಲ್ಲ. ಹಳಗನ್ನಡದಲ್ಲಿ ಬಿಚ್ಚು ಎಂಬ ಅರ್ಥದ ಕ್ರಿಯಾಪದ ಶಕಟರೇಫದ, ಅಂದರೆ ‘ಱ’ ಎಂಬ ಹಳೆಯ ಅಕ್ಷರದ, ‘ತೆಱೆ’. ಅಲೆ ಮತ್ತು ಪರದೆ ಎಂಬ ಅರ್ಥದ ನಾಮಪದ ಸಾಮಾನ್ಯ ರೇಫದ ‘ತೆರೆ’. ತಮಿಳಿನಲ್ಲಿ ಇಂದಿಗೂ ಮೊದಲನೆಯದು ‘ತಿಱ’, ಎರಡನೆಯದು ‘ತಿರೈ’ ಎಂದು ಬೇರೆಬೇರೆಯಾಗಿವೆ. ಕನ್ನಡದಲ್ಲಿ ಶಕಟರೇಫ ಬಳಕೆ ತಪ್ಪಿದ ಮೇಲೆ ಎರಡು ಪದಗಳು ಒಂದೇ ಬರಹಕ್ಕೆ ಬಂದು ನಿಂತವು.

ತೆಲುಗಿನ ವಿಷಯವನ್ನೂ ಪೂರ್ತಿ ಮಾಡಬೇಕು, ಏಕೆಂದರೆ ಬಳ್ಳಾರಿ, ಕೋಲಾರಗಳ ವಿದ್ಯಾರ್ಥಿಗಳು ಇದನ್ನು ಸುಲಭವಾಗಿ ಹಿಡಿಯುತ್ತಾರೆ. ಅಲ್ಲಿ ‘ಬಯಟ’ ಎಂದರೆ ಹೊರಗೆ, ‘ಬಯಟಪಡು’ ಮತ್ತು ‘ಬಯಲ್ಪಡು’ ಎಂದರೆ ಪ್ರಕಟವಾಗು, ‘ಬಯಲುದೇರು’ ಎಂದರೆ ಹೊರಡು. ಮನೆಯೊಳಗಿನಿಂದ ಬಯಲಿಗೆ ಕಾಲಿಡುವುದೇ ಪ್ರಯಾಣದ ಆರಂಭ ಎಂಬ ತಿಳಿವಳಿಕೆ ಆ ಕೊನೆಯ ಕ್ರಿಯಾಪದದಲ್ಲಿ ಉಳಿದಿದೆ. ತೆಲುಗಿನಲ್ಲಿ ‘ಹೊರಗೆ’ ಎಂಬ ಅರ್ಥ ಇಷ್ಟು ಪ್ರಬಲವಾಗಿರುವುದೇ ‘ಬಹಿಸ್’ ಎಂಬ ಊಹೆಗೆ ಎಡೆ ಮಾಡಿಕೊಟ್ಟಿರಬಹುದು. ಆದರೆ ತೆಲುಗಿನ ಪಕ್ಕದಲ್ಲಿ ತಮಿಳಿನ ‘ವಯಲ್’, ತುಳುನಾಡಿನ ಬೈಲು ಗದ್ದೆ, ಶಾಸನದ ಬಯಲ್ನಾಡು ಇವುಗಳನ್ನು ಇಟ್ಟು ನೋಡಿದರೆ, ಪದ ನೆಲದಿಂದ ಹೊರಟು ‘ಹೊರಗೆ’ ಎಂಬಲ್ಲಿಗೆ ಹೋದದ್ದು ಸ್ಪಷ್ಟವಾಗುತ್ತದೆ.

ಕರಾವಳಿಯ ಓದುಗರು ಸೂಚಿಸಿದ ‘ಮರಗಳಿಲ್ಲದ ನೆಲ’ ಎಂಬ ಮೂಲಾರ್ಥಕ್ಕೆ ನನ್ನ ಒಪ್ಪಿಗೆಯಿದೆ. ಗದ್ದೆ ಮೊದಲು, ತೆರೆದ ಜಾಗ ಆಮೇಲೆ ಎಂದು ನಾನು ಬರೆದ ಕ್ರಮಕ್ಕಿಂತ ಅದು ಎಲ್ಲ ಸೋದರಭಾಷೆಗಳ ಸಾಕ್ಷ್ಯಕ್ಕೂ ಹೆಚ್ಚು ಹೊಂದುತ್ತದೆ. ಶಿಕ್ಷಕಿಯವರು ತರಗತಿಯಲ್ಲಿ ಆ ಅರ್ಥದಿಂದಲೇ ಆರಂಭಿಸಿ, ಅಲ್ಲಿಂದ ಗದ್ದೆ ಮತ್ತು ಬಯಲುಸೀಮೆ, ಅವುಗಳಿಂದ ‘ಬಯಲಿಗೆ ಬಂದಿತು’, ಆಮೇಲೆ ಅಲ್ಲಮನ ವಚನ ಎಂಬ ಕ್ರಮದಲ್ಲಿ ಹೇಳಬಹುದು.